ಪತ್ತಾಯದ ಹಲಗೆಯ ರ‍್ಯಾಕು

ದುಬೈಗೆ ಹೋದ ಮೇಲೆ ಭುಜಂಗ ಕಾಗದ ಬರೆಯುವುದನ್ನೇ ಬಿಟ್ಟಿದ್ದ. ಹೇಳಬೇಕಾದ್ದನ್ನೆಲ್ಲ ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಕಾಪುವಿನ ಮನೆಯ ಚಾವಡಿಯಲ್ಲಿ ಟೇಪ್ ರೆಕಾರ್ಡರನ್ನು ಮಧ್ಯಕ್ಕಿಟ್ಟುಕೊಂಡು ಅವನ ತಾಯಿ ಕುಶಲಾ ಶೆಡ್ತಿ, ತಂಗಿ ಚಂಪಾ, ಚಂಪಾಳ ಗಂಡ ಉಮಾನಾಥ ಸುತ್ತ ಕುಳಿತು ಕೇಳುವುದು ವಾಡಿಕೆ. ಕುಶಲಾ ಶೆಡ್ತಿ ಮಗ ಎದುರಿಗೇ ಇದ್ದಾನೆ ಎಂಬಂತೆ ನಡುನಡುವೆ ಉತ್ತರ ಕೊಡುತ್ತಿದ್ದರು.

ಎಂಬತ್ತನಾಲ್ಕನೇ ಇಸವಿಯ ಜುಲೈ ಕೊನೆಯ ಆಟಿ ತಿಂಗಳ ಮಳೆಯಲ್ಲಿ ಬಂದ ಕ್ಯಾಸೆಟ್ಟು ಮಾತ್ರ ಹೆಚ್ಚುಕಡಿಮೆ ಉಮಾನಾಥನಿಗೇ ಬಂದಂತಿತ್ತು. ಅದಕ್ಕೆ ಸ್ವಲ್ಪ ಮೊದಲು ಭುಜಂಗ ಒಂದು ಸ್ಟೀರಿಯೋ ಸೆಟ್ಟನ್ನು ಕಳಿಸಿದ್ದ. ಗ್ರಾಮಫೋನ್ ಪ್ಲೇಟು ಹಾಕುವ ಟರ್ನ್‌ಟೇಬಲ್, ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಎರಡು ಸ್ಪೀಕರು. ಎಲ್ಲವೂ ಪೆಟ್ಟಿಗೆಯೊಳಗೇ ಮೂಲೆಯಲ್ಲಿದ್ದವು.

"ಸೆಟ್ಟನ್ನು ನೆಲದಲ್ಲಿ ಇಡುವುದು ಬೇಡ ಅಂತ ಭಾವನಿಗೆ ಹೇಳಿ ಅಮ್ಮ," ಎಂದಿತು ಟೇಪಿನೊಳಗಿನ ಭುಜಂಗನ ಧ್ವನಿ. "ಒಂದು ರ‍್ಯಾಕು ಮಾಡಿಸಲಿ. ನಾನು ರಜೆಯಲ್ಲಿ ಬಂದಾಗ ಕಾರ್ಕಳದಲ್ಲಿ ಒಂದು ರೆಕಾರ್ಡಿಂಗ್ ಅಂಗಡಿ ಹಾಕುವ ಅಂತ ಉಂಟು. ಪ್ಲೇಟಿನಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುವುದು. ಭಾವ ಕುಳಿತುಕೊಳ್ಳುವುದಾದರೆ ಬೇರೆಯವರನ್ನು ಹುಡುಕುವುದು ಯಾಕೆ? ಆದರೆ ಮೊದಲು ಈ ಸೆಟ್ಟನ್ನು ಹೇಗೆ ಇಟ್ಟುಕೊಂಡಿದ್ದಾರೆ ನೋಡುವ. ಮತ್ತೆ ಮಾತಾಡುವ."

"ನೋಡುವುದಕ್ಕೆ ಎಂತ ಉಂಟು, ಚೆನ್ನಾಗಿಯೇ ಇಟ್ಟುಕೊಳ್ಳುತ್ತಾರೆ," ಎಂದು ಕುಶಲಾ ಶೆಡ್ತಿ ಟೇಪಿಗೆ ಉತ್ತರ ಕೊಟ್ಟರು.

ಉಡುಪಿಯ ಒಂದು ಬಸ್ ಕಂಪೆನಿಯ ಕಚೇರಿಯಲ್ಲಿ ಟಿಕೆಟ್ ಲೆಕ್ಕ ಬರೆಯುವುದು ಉಮಾನಾಥನ ಕೆಲಸ. ಮದುವೆಗೆ ಮೊದಲು ಕಚೇರಿ ಬಿಟ್ಟ ಮೇಲೆ ಸಂಜೆ ರೊಸಾರಿಯೊ ಮಾಸ್ಟ್ರ ರೇಡಿಯೋ ಮೆಕ್ಯಾನಿಕ್ ತರಗತಿಗೆ ಹೋಗಿ ಸರ್ಟಿಫಿಕೇಟು ತೆಗೆದುಕೊಂಡಿದ್ದ. ಅದು ಈಗ ಅವನ ಟ್ರಂಕಿನ ತಳದಲ್ಲಿತ್ತು. ಲೆಕ್ಕ ಬರೆಯುವ ಮೇಜಿನಿಂದ ಎದ್ದು ಯಂತ್ರಗಳ ನಡುವೆ ಕುಳಿತು ಬದುಕಬೇಕು ಎಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಅದನ್ನು ಚಂಪಾಳ ಹತ್ತಿರ ಹೇಳಲಿಕ್ಕೂ ಅವನಿಗೆ ಹೆದರಿಕೆ. ಈಗ ಆ ಆಸೆ ಒಂದು ರ‍್ಯಾಕಿನ ಮೇಲೆ ಬಂದು ನಿಂತಿತ್ತು.

ಮರುವಾರ ಅವನು ಮಣಿಪಾಲಕ್ಕೆ ಹೋಗಿ ಹಾಸ್ಟೆಲುಗಳ ಹತ್ತಿರದ ಅಂಗಡಿಯೊಂದರಲ್ಲಿ ಗಾಜಿನ ಬಾಗಿಲಿನ ರ‍್ಯಾಕು ನೋಡಿದ. ಬೆಲೆ ಕೇಳಿ ಹಿಂದೆ ಬಂದ. ಆದರೆ ಬೆಲೆಗಿಂತ ಹೆಚ್ಚಾಗಿ ಅವನಿಗೆ ಸರಿಕಾಣದಿದ್ದುದು ಅದರ ಹಿಂಬದಿ. ಪೂರ್ತಿ ಹಲಗೆ ಹೊಡೆದು ಮುಚ್ಚಿದ್ದರು. ಆಂಪ್ಲಿಫೈಯರಿನ ಬಿಸಿ ಹೋಗುವುದೆಲ್ಲಿಗೆ? ಯಂತ್ರದ ಮೇಲೆ ನಾಲ್ಕು ಬೆರಳು ಜಾಗ ಬಿಡದವನು ಮೆಕ್ಯಾನಿಕ್ಕೇ ಅಲ್ಲ ಎಂದು ರೊಸಾರಿಯೊ ಮಾಸ್ಟ್ರು ಹೇಳುತ್ತಿದ್ದರು. ತಾನೇ ಮಾಡುವುದೆಂದು ಅಲ್ಲಿಯೇ ನಿಶ್ಚಯಿಸಿದ. ಬಸ್ಸು ಉಡುಪಿ ತಲುಪುವ ಹೊತ್ತಿಗೆ ಆ ನಿಶ್ಚಯ ಅರ್ಧಕ್ಕಿಳಿದಿತ್ತು. ಮನೆಗೆ ಬಂದು ಚಂಪಾಳಿಗೆ ಹೇಳಿಬಿಟ್ಟದ್ದರಿಂದ ಉಳಿದ ಅರ್ಧ ಉಳಿಯಿತು.

"ಮರ ಎಲ್ಲಿಂದ ತರ್ತೀರಿ?" ಎಂದು ಚಂಪಾ ಕೇಳಿದಳು.

"ಅದೇ ಯೋಚನೆ. ಮಾಡಿನ ರೀಪಿನ ತುಂಡು ಸಿಕ್ಕೀತು, ಆದರೆ ಹಗುರ. ಪ್ಲೇಟು ತಿರುಗುವಾಗ ಅಲುಗಾಡಿದರೆ ಮುಳ್ಳು ಹಾರುತ್ತದೆ. ಭಾರದ ಮರ ಬೇಕು."

ಚಂಪಾ ಒಳಕೋಣೆಯ ಕಡೆ ನೋಡಿದಳು. ಅವನೂ ನೋಡಿದ. ಅಲ್ಲಿ ಪತ್ತಾಯ ಇತ್ತು, ಅಕ್ಕಿ ತುಂಬಿಡುವ ಆಳೆತ್ತರದ ಮರದ ಕಣಜ. ಹಲಸಿನ ದಪ್ಪ ಹಲಗೆಗಳನ್ನು ಕಂಬಗಳಲ್ಲಿ ಉದ್ದಕ್ಕೆ ಕೊರೆದ ಸೀಳಿನ ಗಾಡಿಯಲ್ಲಿ ಒಂದರ ಮೇಲೊಂದು ಇಳಿಸಿ ಮಾಡಿದ್ದು, ಒಂದೇ ಒಂದು ಮೊಳೆ ಇಲ್ಲ. ಭೂಮಸೂದೆಯಲ್ಲಿ ಡಿಕ್ಲರೇಶನ್ ಆಗಿ ಗದ್ದೆಗಳು ಒಕ್ಕಲುಗಳಿಗೆ ಹೋದ ಮೇಲೆ ಗೇಣಿ ಅಕ್ಕಿ ಬರುವುದು ನಿಂತಿತ್ತು. ಈಗ ಮನೆಗೆ ಅಂಗಡಿಯಿಂದ ಚೀಲದಲ್ಲಿ ಅಕ್ಕಿ ಬರುತ್ತಿತ್ತು, ಡಬ್ಬದಲ್ಲಿ ಇರುತ್ತಿತ್ತು. ಆದರೂ ಹೊಸ ತೆನೆ ಕಟ್ಟುವ ದಿನ ಪತ್ತಾಯಕ್ಕೂ ತೆನೆ ಕಟ್ಟಿ, ಅದರ ಮುಂದೆ ದೀಪ ಇಡುವುದನ್ನು ಕುಶಲಾ ಶೆಡ್ತಿ ಬಿಟ್ಟಿರಲಿಲ್ಲ. ಒಳಗೆ ತಳದಲ್ಲಿ ಒಂದು ಹಿಡಿ ಅಕ್ಕಿ ಯಾವಾಗಲೂ ಇರುತ್ತಿತ್ತು.

"ನಾನು ಕೇಳುವುದಿಲ್ಲ," ಎಂದ ಉಮಾನಾಥ.

"ನಾನು ಕೇಳ್ತೇನೆ. ನೀವು ಕೇಳಿದರೆ ವರ್ಷ ಬೇಕು."

ಚಂಪಾ ಕೇಳಿದ ಮೇಲೆ ಕುಶಲಾ ಶೆಡ್ತಿ ಎರಡು ದಿನ ಪತ್ತಾಯದ ಕೋಣೆಗೆ ಹೋಗಿ ಬಂದು ಮಾಡಿದರು. ಮತ್ತೆ ಊಟಕ್ಕೆ ಬಡಿಸುವಾಗ ಹೇಳಿದರು. "ಗೆದ್ದಲು ತಿಂದು ಹೋಗುವುದಕ್ಕಿಂತ ಮಗನ ಕೆಲಸಕ್ಕೆ ಆಗಲಿ. ಆದರೆ ಒಂದು ಮಾತುಂಟು. ಅದು ಯಾವ ರೂಪದಲ್ಲಿದ್ದರೂ ಪತ್ತಾಯವೇ. ಖಾಲಿ ಇರಬಾರದು. ಕೆಳಗಿನ ತಟ್ಟಿನಲ್ಲಿ ನಾನು ಒಂದು ಹಿಡಿ ಅಕ್ಕಿ ಇಡ್ತೇನೆ. ಆಗಬಹುದಾ?"

ಇಲಿ ಬರುತ್ತದೆ ಎಂಬುದು ಉಮಾನಾಥನಿಗೆ ಆ ಕ್ಷಣವೇ ಹೊಳೆಯಿತು. ಹಿಂಬದಿ ತೆರೆದ ರ‍್ಯಾಕು, ತಳದಲ್ಲಿ ಅಕ್ಕಿ. ಬಾಯಿ ತೆರೆದ. ಅತ್ತೆ ಸೌಟು ಹಿಡಿದು ಕಾಯುತ್ತಿದ್ದರು. ಅವರ ಮನೆ, ಅವರ ಪತ್ತಾಯ, ತಾನು ಹೆಂಡತಿಯ ಮನೆಯಲ್ಲಿ ಇರುವವನು.

"ಆಗಬಹುದು ಅತ್ತೆ," ಎಂದ.

ಕೆಲಸ ಭಾನುವಾರಗಳಲ್ಲಿ ನಡೆಯಿತು. ಪತ್ತಾಯದ ಹಲಗೆಗಳನ್ನು ಮೇಲಿನಿಂದ ಒಂದೊಂದಾಗಿ ಎಳೆದು ತೆಗೆದಾಗ ಹಳೆಯ ಅಕ್ಕಿಯ ವಾಸನೆ ಮನೆಯಿಡೀ ಹರಡಿತು. ಕಂಬಗಳಲ್ಲಿ ಗಾಡಿ ಮೊದಲೇ ಕೊರೆದಿದ್ದುದರಿಂದ ಅವನು ಕಂಬವನ್ನು ಸೊಂಟದೆತ್ತರಕ್ಕೆ ಕತ್ತರಿಸಿ, ಹಲಗೆಗಳನ್ನು ಎರಡೂ ಪಕ್ಕಕ್ಕೆ ಹಾಗೆಯೇ ಇಳಿಸಿದ. ನಡುವೆ ತಟ್ಟುಗಳನ್ನು ಸ್ಕ್ರೂ ಹಾಕಿ ಕೂರಿಸಿ, ಮುಂದೆ ಹಲಗೆಯ ಬಾಗಿಲು ಇಟ್ಟ. ಹಲಸಿನ ಹಳೆಯ ಮರ ಕಬ್ಬಿಣದಂತಾಗಿತ್ತು. ನೆರೆಮನೆಯಿಂದ ತಂದ ಗರಗಸದ ಹಲ್ಲು ಎರಡು ಸಲ ಮೊಂಡಾಯಿತು. ಪ್ರತಿ ತಟ್ಟನ್ನೂ ಕೂರಿಸಿದ ಮೇಲೆ ಒಂದು ಬಟ್ಟಲಲ್ಲಿ ಅಂಚಿನವರೆಗೆ ನೀರು ತುಂಬಿ ಇಟ್ಟು, ಮಟ್ಟ ಸರಿಯಿದೆಯೇ ಎಂದು ನೋಡುತ್ತಿದ್ದ. ಸರಿಯಿದ್ದರೂ ಬಟ್ಟಲು ತಿರುಗಿಸಿ ಇನ್ನೊಮ್ಮೆ ನೋಡುತ್ತಿದ್ದ.

"ಬಟ್ಟಲಿನ ಮೇಲೂ ನಂಬಿಕೆ ಇಲ್ವಾ?" ಎಂದಳು ಚಂಪಾ.

"ಬಟ್ಟಲಿನ ತಳವೇ ಓರೆಯಾಗಿದ್ದರೆ?"

ನೆಲದ ಅದುರು ಮೇಲಕ್ಕೆ ಹೋಗಬಾರದೆಂದು ಹಳೆಯ ಹವಾಯಿ ಚಪ್ಪಲಿಯನ್ನು ಚೌಕಾಕಾರಕ್ಕೆ ಕತ್ತರಿಸಿ ಕಂಬಗಳ ತಳಕ್ಕೆ ಅಂಟಿಸಿದ. ಕೆಲಸ ಚೆನ್ನಾಗಿ ಬಂತೆಂದು ಅವನಿಗೂ ಅನಿಸಿದ ಅಪರೂಪದ ಹೊತ್ತು ಅದು. ಚಂಪಾ ಬಗ್ಗಿ ನೋಡಿದವಳು ಧ್ವನಿ ತಗ್ಗಿಸಿದಳು.

"ಇದು ಚಪ್ಪಲಿ ಅಲ್ವಾ?"

"ಹಳೆಯದು. ತೊಳೆದಿದ್ದೇನೆ."

"ತೊಳೆದರೆ ಚಪ್ಪಲಿ ಅಲ್ಲ ಅಂತ ಆಗ್ತದಾ? ಅಮ್ಮ ದೀಪ ಇಡುವ ಮರದ ಕಾಲಿಗೆ ನೀವು ಚಪ್ಪಲಿ ಹಾಕಿಸಿದ್ದೀರಿ, ಮಾರಾಯ್ರೆ."

ಆ ಸಂಜೆಯೇ ಅವನು ಅದನ್ನೆಲ್ಲ ಕಿತ್ತು ತೆಗೆದ. ಮರುದಿನ ಬಸ್ ಕಂಪೆನಿಯ ಗ್ಯಾರೇಜಿನಿಂದ ಒಡೆದ ಟ್ಯೂಬಿನ ತುಂಡು ಕೇಳಿ ತಂದು ಮಡಚಿ ಹಾಕಿದ. ಅದು ಚಪ್ಪಲಿಯಷ್ಟು ಚೆನ್ನಾಗಿ ಕೂರಲಿಲ್ಲ.

ರ‍್ಯಾಕು ನಿಂತಿತು. ಮೇಲೆ ಟರ್ನ್‌ಟೇಬಲ್, ಅದರ ಕೆಳಗೆ ನಾಲ್ಕು ಬೆರಳಿಗಿಂತ ಹೆಚ್ಚೇ ಜಾಗ ಬಿಟ್ಟು ಆಂಪ್ಲಿಫೈಯರ್, ಮತ್ತೆ ಡೆಕ್. ಎಲ್ಲಕ್ಕಿಂತ ಕೆಳಗೆ ಪ್ಲೇಟುಗಳನ್ನು ನಿಲ್ಲಿಸುವ ಗೂಡು. ಆ ಗೂಡಿನ ಮೂಲೆಯಲ್ಲಿ ಕುಶಲಾ ಶೆಡ್ತಿ ಬಾಳೆಲೆಯ ತುಂಡಿನ ಮೇಲೆ ಒಂದು ಹಿಡಿ ಕುಚ್ಚಲಕ್ಕಿ ಇಟ್ಟು ಕೈಮುಗಿದರು. ಮನೆಯಲ್ಲಿದ್ದ ಒಂದೇ ಪ್ಲೇಟನ್ನು ಹಾಕಿದಾಗ ಹಾಡು ಒಂದಿಷ್ಟೂ ಅಲುಗದೆ ಬಂತು. ಉಮಾನಾಥ ಬೇಕೆಂದೇ ರ‍್ಯಾಕಿನ ಪಕ್ಕದಲ್ಲಿ ದಪ್ಪ ಹೆಜ್ಜೆ ಹಾಕಿ ನಡೆದ. ಮುಳ್ಳು ಹಾರಲಿಲ್ಲ. ಯಂತ್ರ ಸವೆಯಬಾರದೆಂದು ಆಮೇಲೆ ಅವನು ಅದನ್ನು ಮುಚ್ಚಳ ಹಾಕಿ ಹಾಗೆಯೇ ಬಿಟ್ಟ. ಕ್ಯಾಸೆಟ್ಟು ಕೇಳಲಿಕ್ಕೆ ಹಳೆಯ ಟೇಪ್ ರೆಕಾರ್ಡರೇ ಸಾಕಾಗಿತ್ತು.

ನವರಾತ್ರಿಯ ಹೊತ್ತಿಗೆ ಭುಜಂಗ ಬರುವುದೆಂದು ಆಯಿತು, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅವನು ಬರುವುದಕ್ಕೆ ಮೊದಲಿನ ಭಾನುವಾರ ಉಮಾನಾಥ ಒರೆಸಿ ಇಡುವ ಎಂದು ಮುಚ್ಚಳ ತೆಗೆದು ಸ್ವಿಚ್ಚು ಹಾಕಿದ. ಮೋಟಾರು ಗುಂಯ್‌ಗುಟ್ಟಿತು. ತಟ್ಟೆ ತಿರುಗಲಿಲ್ಲ. ತಟ್ಟೆ ಎತ್ತಿ ನೋಡಿದರೆ ಒಳಗಿನ ರಬ್ಬರು ಬೆಲ್ಟು ತುಂಡು ತುಂಡಾಗಿ ಬಿದ್ದಿತ್ತು. ಪಕ್ಕದಲ್ಲಿ ಇಲಿಯ ಹಿಕ್ಕೆ. ಕೆಳಗೆ ಬಾಳೆಲೆ ಒಣಗಿ ಸುರುಟಿಕೊಂಡಿತ್ತು, ಅಕ್ಕಿ ಇರಲಿಲ್ಲ. ಅಕ್ಕಿ ಮುಗಿಸಿದ ಇಲಿ ತೆರೆದ ಹಿಂಬದಿಯಿಂದ ಮೇಲೆ ಹತ್ತಿತ್ತು.

ಸೋಮವಾರ ಕಚೇರಿಗೆ ಅರ್ಧ ದಿನ ರಜೆ ಹಾಕಿ ಮಣಿಪಾಲಕ್ಕೆ ಓಡಿದ. ಟೇಪ್ ರೆಕಾರ್ಡರ್ ರಿಪೇರಿ ಮಾಡುವವನು ತುಂಡುಗಳನ್ನು ಅಂಗೈಯಲ್ಲಿ ಹರಡಿ ನೋಡಿ, "ಇದು ಬೊಂಬಾಯಿಯಿಂದಲೇ ಬರಬೇಕು," ಎಂದ. ಉಮಾನಾಥ ಮನೆಗೆ ಬಂದು ಸೈಕಲ್ ಟ್ಯೂಬಿನಿಂದ ತೆಳ್ಳಗೆ ಒಂದು ಉಂಗುರ ಕತ್ತರಿಸಿ ಹಾಕಿದ. ತಟ್ಟೆ ತಿರುಗಿತು, ಆದರೆ ಹಾಡು ಎಳೆದೆಳೆದು, ಜ್ವರ ಬಂದವನು ಹಾಡಿದಂತೆ ಬಂತು. ಅದನ್ನು ತೆಗೆದಿಟ್ಟ.

"ಅಣ್ಣ ಬಂದಾಗ ಕ್ಯಾಸೆಟ್ಟು ಹಾಕಿ. ಪ್ಲೇಟು ಯಾರು ಕೇಳ್ತಾರೆ?" ಎಂದಳು ಚಂಪಾ.

"ಅಂಗಡಿಯೇ ಪ್ಲೇಟಿಂದ ಕ್ಯಾಸೆಟ್ಟು ಮಾಡುವುದು ಚಂಪಾ. ಅವನು ಮೊದಲು ಕೇಳುವುದೇ ಅದನ್ನು."

"ಹಾಗಾದರೆ ಅಕ್ಕಿಯಿಂದ ಆಯ್ತು ಅಂತ ಹೇಳಿ."

"ಹೇಗೆ ಹೇಳುವುದು? ಆಗಬಹುದು ಅಂದದ್ದು ನಾನಲ್ವಾ?"

ಭುಜಂಗ ಬಂದ ದಿನ ಚಾವಡಿ ತುಂಬ ನೆಂಟರು. ಅವನು ಸ್ನಾನ ಮುಗಿಸಿ, ಗಂಜಿ ಊಟ ಮಾಡಿ, ಕೈ ಒರೆಸಿಕೊಳ್ಳುತ್ತ ನೇರ ರ‍್ಯಾಕಿನ ಮುಂದೆ ಬಂದು ನಿಂತ. ಪಕ್ಕದ ಮನೆಯ ಮುದುಕ ದೂಮಪ್ಪ ಮೊದಲೇ ಅಲ್ಲಿ ಕುರ್ಚಿ ಹಾಕಿಕೊಂಡಿದ್ದ.

"ಎಂತ ಭುಜಂಗ, ನಿಮ್ಮ ಪತ್ತಾಯಕ್ಕೆ ವಯರು ಹಾಕಿದ್ದಾರಲ್ಲ ನಿನ್ನ ಭಾವ? ಇನ್ನು ಅನ್ನ ಬೇಕಾದರೆ ಗುಂಡಿ ಒತ್ತಬೇಕಾ?"

ಎಲ್ಲರೂ ನಕ್ಕರು. ಭುಜಂಗನೂ ನಕ್ಕ. ಹಲಗೆಯ ಮೇಲೆ ಕೈಯಾಡಿಸಿದ, ಪಕ್ಕದಿಂದ ಅಲುಗಾಡಿಸಿ ನೋಡಿದ. ರ‍್ಯಾಕು ಅಲುಗಲಿಲ್ಲ. "ಗಟ್ಟಿ ಉಂಟು," ಎಂದು ತನ್ನ ಚೀಲದಿಂದ ಹೊಸ ಪ್ಲೇಟೊಂದನ್ನು ತೆಗೆದು ಉಮಾನಾಥನ ಕೈಗೆ ಕೊಟ್ಟ. "ಹಾಕಿ ಭಾವ. ಇವರೆಲ್ಲ ಕೇಳಲಿ."

ಉಮಾನಾಥ ಪ್ಲೇಟನ್ನು ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದುಕೊಂಡ.

"ತಿರುಗುವುದಿಲ್ಲ ಭಾವ. ಬೆಲ್ಟನ್ನು ಇಲಿ ಕಡಿದಿದೆ. ಬೊಂಬಾಯಿಗೆ ಹೇಳಿ ಕಳಿಸಿದ್ದೇನೆ. ಹಿಂಬದಿಗೆ ಜಾಲಿ ಹಾಕಬೇಕಿತ್ತು, ಹಾಕಲಿಲ್ಲ. ತಪ್ಪು ನನ್ನದೇ."

"ಇಲಿಯಾ? ಚಾವಡಿಗೆ ಎಂತಕ್ಕೆ ಬಂತು?" ಎಂದ ಭುಜಂಗ.

ಉಮಾನಾಥ ಪ್ಲೇಟನ್ನು ಅದರ ಕವರಿಗೆ ಹಾಕತೊಡಗಿದ. ಅಡುಗೆಮನೆಯ ಬಾಗಿಲಿನಿಂದ ಕುಶಲಾ ಶೆಡ್ತಿ ಹೇಳಿದರು. "ಅಕ್ಕಿಗೆ ಬಂದದ್ದು. ನಾನೇ ಇಟ್ಟದ್ದು. ಪತ್ತಾಯ ಖಾಲಿ ಬಿಡ್ತಾರಾ? ಅವರ ಹತ್ತಿರ ಕೇಳಿಯೇ ಇಟ್ಟಿದ್ದೇನೆ."

"ಅಕ್ಕಿ ಕೊಟ್ಟು ಇಲಿಗೆ ಸಂಗೀತ ಕಲಿಸಿದ್ದೀರಿ," ಎಂದ ದೂಮಪ್ಪ. ಭುಜಂಗ ಈ ಸಲ ನಗಲಿಲ್ಲ. ಡೆಕ್ಕಿಗೆ ಕ್ಯಾಸೆಟ್ಟು ಹಾಕಿ, ನೆಂಟರನ್ನು ಮಾತಾಡಿಸಲು ಹೋದ.

ನೆಂಟರೆಲ್ಲ ಹೋದ ಮೇಲೆ, ಚಹಾದ ಹೊತ್ತಿಗೆ, ಅವನು ಜಗಲಿಯಲ್ಲಿ ಉಮಾನಾಥನ ಪಕ್ಕ ಬಂದು ಕುಳಿತ.

"ಭಾವ, ಒಂದು ಕೇಳ್ತೇನೆ. ಅಕ್ಕಿ ಇಟ್ಟರೆ ಇಲಿ ಬರುತ್ತದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಮ್ಮನಿಗೆ ಹೇಳಿದಿರಾ?"

"ಇಲ್ಲ."

"ಯಾಕೆ?"

"ಅವರಿಗೆ ಬೇಜಾರಾದೀತು ಅಂತ. ಮರ ಅವರದ್ದು."

ಭುಜಂಗ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. "ಕೆಲಸದಲ್ಲಿ ನಿಮ್ಮನ್ನು ನಾನು ಎಂತದೂ ಹೇಳುವುದಿಲ್ಲ. ರ‍್ಯಾಕು ನೋಡಿದೆ. ಅಂಥದ್ದು ಅಲ್ಲಿಯೂ ಸಿಕ್ಕುವುದಿಲ್ಲ. ನನಗೆ ಬೇರೆ ಹೆದರಿಕೆ. ಅಂಗಡಿ ನನ್ನದು, ನಾನು ಇರುವುದು ದುಬೈಯಲ್ಲಿ. ನಾನು ತಪ್ಪು ಹೇಳಿದರೂ ನೀವು ಆಗಬಹುದು ಭಾವ ಅಂತೀರಿ. ಮತ್ತೆ ನನಗೆ ಗೊತ್ತಾಗುವುದು ಇಲಿ ಕಡಿದ ಮೇಲೆ."

ಭುಜಂಗ ಹೇಳಿದ್ದು ಸರಿಯೆಂದೇ ಉಮಾನಾಥನಿಗೆ ಅನಿಸಿತು. ಅಂಗಡಿ ಕೈತಪ್ಪಿತೆಂದು ಲೆಕ್ಕ ಹಾಕಿಕೊಂಡ. ಆ ಸಂಜೆ ಯಾರೂ ಹೇಳದೆಯೇ ರ‍್ಯಾಕಿನ ಹಿಂಬದಿಗೆ ಸೊಳ್ಳೆ ತಡೆಯುವ ತಂತಿಜಾಲಿ ಕತ್ತರಿಸಿ ಬಡಿದ. ಬಿಸಿ ಹೋಗಲಿಕ್ಕೂ ದಾರಿಯಿತ್ತು, ಇಲಿ ಬರಲಿಕ್ಕೆ ಇರಲಿಲ್ಲ. ಮೊದಲೇ ತೋಚಬೇಕಿತ್ತು.

"ನಾಳೆ ನೀವೂ ಬನ್ನಿ," ಎಂದ ಭುಜಂಗ ರಾತ್ರಿ ಊಟದಲ್ಲಿ. "ಕಾರ್ಕಳದಲ್ಲಿ ಫೌಸ್ಟಿನ್ ಅವರ ಕೋಣೆ ಉಂಟು. ದುಬೈಯಿಂದಲೇ ಮಾತು ಆಗಿ ಹೋಗಿದೆ, ಬೀಗದ ಕೈ ತೆಗೆದುಕೊಳ್ಳುವುದು ಮಾತ್ರ. ವಯರಿಂಗ್ ಎಲ್ಲೆಲ್ಲಿ ಬೇಕು ಅಂತ ನೋಡಿ ಹೇಳಿ. ಕುಳಿತುಕೊಳ್ಳುವವರು ಯಾರಾದರೂ ಇರಲಿ, ಅದಂತೂ ಬೇಕಲ್ಲ."

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದರು. ಕೋಣೆ ಬಸ್ ನಿಲ್ದಾಣದ ಎದುರೇ ಇತ್ತು. ಅಂಗಡಿ ಇಡಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಊರಲ್ಲೇ ಇರಲಿಲ್ಲ. ಫೌಸ್ಟಿನ್ ಎಂಬವರು ಬಿಳಿ ಅಂಗಿ ತೊಟ್ಟ ಹಿರಿಯರು. ನೆರಿಗೆ ಬಾಗಿಲು ಸರಿಸಿ, "ನಿಮಗೋಸ್ಕರ ಹೊಸತಾಗಿ ಸುಣ್ಣ ಹೊಡೆಸಿದ್ದೇನೆ," ಎಂದರು. ಭುಜಂಗ ನಡುವೆ ನಿಂತು ಕೌಂಟರು ಇಲ್ಲಿ, ಸೆಟ್ಟು ಅಲ್ಲಿ, ಕ್ಯಾಸೆಟ್ಟುಗಳನ್ನು ಹಿಂದಿನ ಗೋಡೆಯುದ್ದಕ್ಕೂ ಎಂದು ಕೈ ಮಾಡಿ ತೋರಿಸತೊಡಗಿದ.

ಉಮಾನಾಥ ಹಿಂದಿನ ಗೋಡೆಯ ಹತ್ತಿರ ಹೋದ. ಸುಣ್ಣದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಒಣಗದ ಬಟ್ಟೆಯದ್ದು. ಅಂಗೈ ಇಟ್ಟ. ಗೋಡೆ ತಣ್ಣಗಿತ್ತು. ಕೂತು ಬುಡದಲ್ಲಿ ಉಗುರಿನಿಂದ ಕೆರೆದ. ಸುಣ್ಣ ಪುಡಿಯಾಗಿ ಉದುರದೆ ಹಿಟ್ಟಿನಂತೆ ಅಂಟಿಕೊಂಡಿತು. ಹೊಸ ಸುಣ್ಣವಾದ್ದರಿಂದ ಹೀಗೋ? ಆ ಕಡೆಯಿಂದ ಪಾತ್ರೆ ತೊಳೆಯುವ ಸದ್ದು ಕೇಳಿಸಿದಂತಾಯಿತು. ಅದೂ ಕೇಳಿಸಿತೋ, ತಾನೇ ಊಹಿಸಿದ್ದೋ?

"ಹಿಂದೆ ಎಂತ ಉಂಟು?" ಎಂದು ಕೇಳಿದ.

"ಹೋಟೆಲು. ಅದು ಅವರ ಜಾಗ, ಗೇಟಿಗೆ ಬೀಗ ಹಾಕಿರ್ತಾರೆ," ಎಂದರು ಫೌಸ್ಟಿನ್.

"ವಯರು ಯಾವ ಕಡೆಯಿಂದ ತರುವ ಭಾವ?" ಎಂದ ಭುಜಂಗ. ಬೀಗದ ಕೈ ಆಗಲೇ ಅವನ ಕೈಯಲ್ಲಿತ್ತು.

ಉಮಾನಾಥ ಎದ್ದು ನಿಂತ. ಹೇಳಿದರೆ ಹಿರಿಯರ ಎದುರು ಭುಜಂಗನ ಮಾತು ಹೋಗುತ್ತದೆ. ತನ್ನದೇ ತಪ್ಪಾಗಿದ್ದರೆ ನಿಲ್ದಾಣದ ಎದುರಿನ ಕೋಣೆ ಹೋಗುತ್ತದೆ. ಹೇಳದಿದ್ದರೆ ಬರುವ ಮಳೆಗಾಲಕ್ಕೆ ಈ ಗೋಡೆಯ ಕ್ಯಾಸೆಟ್ಟುಗಳೆಲ್ಲ ಬೂಷ್ಟು ಹಿಡಿಯುತ್ತವೆ, ಆಗ ಇಲ್ಲಿ ಕುಳಿತಿರುವವನು ಬೇರೆ ಯಾರೋ ಆಗಿರುತ್ತಾನೆ.

"ಈ ಕೋಣೆ ಬೇಡ ಭಾವ," ಎಂದ. ಧ್ವನಿ ತೀರ ಸಣ್ಣಗಿತ್ತು. ಭುಜಂಗನಿಗೆ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಹೇಳಬೇಕಾಯಿತು. "ಬೇಡ. ಹಿಂದಿನ ಗೋಡೆಗೆ ನೀರು ಏರಿದೆ. ಕ್ಯಾಸೆಟ್ಟು ಉಳಿಯುವುದಿಲ್ಲ."

ಫೌಸ್ಟಿನ್ ನಕ್ಕರು. "ಈ ತಿಂಗಳಲ್ಲಿ ಕಾರ್ಕಳದಲ್ಲಿ ಒಣಗಿದ ಗೋಡೆ ಎಲ್ಲುಂಟು ಮಾರಾಯ್ರೆ? ಬಿಸಿಲು ಬಂದರೆ ಹೋಗ್ತದೆ."

"ಮಳೆಯ ನೀರು ಮೇಲಿಂದ ಇಳಿಯುತ್ತದೆ. ಇದು ಬುಡದಿಂದ ಏರಿದ್ದು. ಬಿಸಿಲಿಗೆ ಹೋಗುವಂಥದ್ದಲ್ಲ."

"ನಿಮ್ಮ ಭಾವ ಎಂಜಿನಿಯರಾ?" ಎಂದು ಫೌಸ್ಟಿನ್ ಭುಜಂಗನನ್ನು ಕೇಳಿದರು.

"ಅಲ್ಲ," ಎಂದ ಉಮಾನಾಥ ತಾನೇ. "ಬಸ್ಸಿನ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಆದರೂ ಬೇಡ."

ಭುಜಂಗ ಗೋಡೆಯ ಕಡೆ ಹೋಗಲಿಲ್ಲ, ಮುಟ್ಟಿ ನೋಡಲೂ ಇಲ್ಲ. ಮುಖ ಗಂಟಿಕ್ಕಿಕೊಂಡು ಉಮಾನಾಥನನ್ನೇ ನೋಡಿದ. ರಸ್ತೆಯಲ್ಲಿ ಬಸ್ಸೊಂದು ಹಾರ್ನು ಹೊಡೆಯುತ್ತ ನಿಲ್ದಾಣಕ್ಕೆ ತಿರುಗಿತು. ಅವನು ಬೀಗದ ಕೈಯನ್ನು ಫೌಸ್ಟಿನ್ ಅವರ ಕೈಗೆ ಹಿಂದೆ ಕೊಟ್ಟ.

"ಬೇಜಾರು ಮಾಡಬೇಡಿ. ಇವರು ಬೇಡ ಅಂತಾರೆ," ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಉಮಾನಾಥ ಉಗುರಿನ ಸಂದಿಯ ಸುಣ್ಣವನ್ನು ನೋಡುತ್ತಿದ್ದ. ಈಗ ಅದು ಒಣಗಿ ಬಿಳಿಯಾಗಿತ್ತು. ಎಲ್ಲ ಹೊಸ ಸುಣ್ಣವೂ ಮೊದಲಿಗೆ ಹಾಗೆಯೇ ಇರುತ್ತದೆಯೇನೋ ಎಂಬ ಯೋಚನೆ ಅವನನ್ನು ಬಿಡಲಿಲ್ಲ.

ಬೆಳ್ಮಣ್ಣು ದಾಟಿದ ಮೇಲೆ ಭುಜಂಗ ಕೇಳಿದ. "ನಿಜವಾಗಿ ಒದ್ದೆ ಇತ್ತಾ ಭಾವ?"

"ಇತ್ತು ಅಂತ ನನಗೆ ಅನಿಸಿತು."

"ಅನಿಸಿತಾ? ನಾನು ಅಷ್ಟು ಒಳ್ಳೆಯ ಜಾಗ ಬಿಟ್ಟು ಬಂದದ್ದು ನಿಮಗೆ ಅನಿಸಿದ್ದಕ್ಕಾ?"

ಉಮಾನಾಥ ಮತ್ತೆ ಮನಸ್ಸಿನಲ್ಲೇ ಗೋಡೆಯ ಮೇಲೆ ಕೈ ಇಟ್ಟು ನೋಡಿದ. "ಒದ್ದೆ ಇತ್ತು," ಎಂದ.

ಭುಜಂಗ ಕಿಟಕಿಯ ಹೊರಗೆ ನೋಡಿದ. "ಮುಂದಿನ ವಾರ ನೀವೊಬ್ಬರೇ ಹೋಗಿ ಬೇರೆ ಕೋಣೆ ನೋಡಿ. ನಾನು ಬರುವುದಿಲ್ಲ."

"ನೀವೂ ಒಂದು ಸಲ ನೋಡಿದ್ದರೆ ಒಳ್ಳೆಯದಿತ್ತು."

"ನಾನು ಸುಣ್ಣ ಹೊಡೆದದ್ದು ನೋಡಿ ಬೀಗದ ಕೈ ತೆಗೆದುಕೊಂಡವನು. ನಾನು ಬಂದು ಎಂತ ಮಾಡುವುದು?" ಎಂದ ಭುಜಂಗ. ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದ. "ಬಸ್ ಕಂಪೆನಿಯ ಕೆಲಸ ಯಾವಾಗ ಬಿಡ್ತೀರಿ?"

ಉಮಾನಾಥ ನಾಳೆಯೇ ಆಗಬಹುದು ಎನ್ನಲು ಬಾಯಿ ತೆರೆದ.

"ಕೋಣೆ ಸಿಕ್ಕಿ, ಒಂದು ಮಳೆಗಾಲ ಅದರ ಗೋಡೆ ನೋಡಿದ ಮೇಲೆ," ಎಂದ.

"ಅಷ್ಟು ಕಾಯುವುದಾ?"

"ಹೌದು. ಅಷ್ಟು ಕಾಯಬೇಕು."

ಭುಜಂಗ ಏನೋ ಗೊಣಗಿ, ಟವಲನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ. ಪಡುಬಿದ್ರಿ ಬಂದಾಗ ಉಮಾನಾಥನೇ ಅವನನ್ನು ಎಬ್ಬಿಸಿ ಇಳಿಸಿದ.